ಬೋರ್ಡಿನ ಸರಳು

ವಿಪಾವಾ
ಫೆಬ್ರವರಿ ೧೧, ಬುಧವಾರ

ಪ್ರೀತಿಯ ಸ್ಟೋಯಾನ್,

ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಶುರು ಮಾಡಬೇಕೆಂದೂ ತಿಳಿಯಲಿಲ್ಲ, ಹಾಗಾಗಿ ಅದು ಇರಲಿ. ನಿನ್ನ ಕೋಪರ್‌ನ ವಿಳಾಸವನ್ನು ನಿನ್ನ ತಂಗಿಯಿಂದ ತೆಗೆದುಕೊಂಡೆ. ಫೋನು ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ನಾವಿಬ್ಬರೂ ಯಾವುದೋ ಹಳೆಯ ಜಗಳಕ್ಕೆ ಹೋಗಿ ನಿಲ್ಲುತ್ತೇವೆ, ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ.

ನನಗೆ ತುಂಬ ಭಯವಾಗಿದೆ. ಕಿಟಕಿಯ ಬಾಗಿಲು ಅಲುಗಿದರೂ ಎದೆ ಧಸಕ್ಕೆನ್ನುತ್ತದೆ. ಹುಟ್ಟಿದಾಗಿನಿಂದ ನಮ್ಮ ಕಣಿವೆಯ ಬುರ್ಯಾ ಬಿರುಗಾಳಿಗೆ ಕಿವಿ ಕೊಟ್ಟವಳು ನಾನು. ಅದು ಬೀಸುವಾಗಲೇ ನನಗೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ನೀನು ನಗುತ್ತಿದ್ದೆ. ಈಗ ರೇಡಿಯೋದಲ್ಲಿ ಅದರ ಹೆಸರು ಹೇಳಿದರೂ ಎದ್ದು ಹೋಗಿ ರೇಡಿಯೋ ಆರಿಸುತ್ತೇನೆ.

ಹಳೆಯ ಇಟ್ಟಿಗೆ ಕಾರ್ಖಾನೆಯ ಅಂಗಳದ ಗೇಟಿನ ಬಳಿ ನಾವು ನಿಲ್ಲಿಸಿದ ಬೋರ್ಡು ನಿನಗೆ ನೆನಪಿರಲೇಬೇಕು. ನಾವಿಬ್ಬರೂ ಕೂಡಿ ಮಾಡಿದ ಕೊನೆಯ ಕೆಲಸ ಅದು. ಶುಕ್ರವಾರ ಮಧ್ಯಾಹ್ನ ಅದರ ಒಂದು ತಗಡು ಹಾರಿ ಮಿಲೋಯ್ಕಾ ಅಜ್ಜಿಯ ತಲೆಗೆ ಬಡಿಯಿತು. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂರುತ್ತಿದ್ದರಲ್ಲ, ನಮ್ಮ ಮದುವೆಯ ಕರೆಯೋಲೆಗಳಿಗೆಲ್ಲ ಒಂದೊಂದಾಗಿ ಮುದ್ರೆ ಒತ್ತಿದವರು, ಅವರೇ. ಮಂಡಿ ನೋವಿಗೆಂದು ಅಂಗಳದ ವ್ಯಾಯಾಮ ಚಿಕಿತ್ಸೆಯವರ ಹತ್ತಿರ ಬಂದಿದ್ದರಂತೆ. ಮುಗಿಸಿಕೊಂಡು ಗೇಟಿನ ಪಕ್ಕದ ಬಸ್ ನಿಲ್ದಾಣದಲ್ಲಿ ನಿಂತಿದ್ದರು.

ನಾನು ಪಶುವೈದ್ಯರೊಬ್ಬರ ಬೋರ್ಡಿಗೆ ಅಕ್ಷರ ಕತ್ತರಿಸುತ್ತಾ ಕೂತಿದ್ದೆ. ಅಂಗಳದ ನೃತ್ಯಶಾಲೆಯ ಯೆರ್ನೇಯಾ ಫೋನು ಮಾಡಿ, ಬೇಗ ಬನ್ನಿ ಅಂದಳು, ಏನಾಯಿತೆಂದು ಹೇಳಲಿಲ್ಲ. ಓಡಿದೆ. ಗಾಳಿಯ ರಭಸಕ್ಕೆ ಹೆದ್ದಾರಿಯಲ್ಲಿ ಲಾರಿಗಳನ್ನು ಆಗಲೇ ತಡೆದು ನಿಲ್ಲಿಸಿದ್ದರು. ಗೇಟಿನ ಹತ್ತಿರ ಹೋಗುವಷ್ಟರಲ್ಲಿ ನನಗೆ ಮೊದಲು ಕೇಳಿಸಿದ್ದು ಬೋರ್ಡಿನ ಸದ್ದು. ತಗಡುಗಳೆಲ್ಲ ಚಳಿಗೆ ಹಲ್ಲು ಕಡಿಯುವ ಹಾಗೆ ಕಟಕಟ ಎನ್ನುತ್ತಿದ್ದವು. ನಮ್ಮ ಬೋರ್ಡು ಹಾಗೆ ಸದ್ದು ಮಾಡಬಾರದು, ಸ್ಟೋಯಾನ್. ಆ ಸದ್ದು ಕೇಳಿದಾಗಲೇ ಅದರಲ್ಲಿ ತಗಡುಗಳನ್ನು ಹಿಡಿದಿಡುವ ಸರಳು ಇಲ್ಲವೆಂದು ನನಗೆ ಗೊತ್ತಾಯಿತು. ಅಜ್ಜಿಯನ್ನು ಕಂಡದ್ದು ಆಮೇಲೆ.

ಅವರು ಪಕ್ಕಕ್ಕೆ ಒರಗಿ ಬಿದ್ದಿದ್ದರು. ಚೀಲದಿಂದ ಸೊಪ್ಪು ಚೆಲ್ಲಿ ರಸ್ತೆಯುದ್ದಕ್ಕೂ ಹಾರುತ್ತಿತ್ತು. ದಂತವೈದ್ಯರು ಬಿಳಿ ಅಂಗಿಯಲ್ಲೇ ಬಂದು ಅವರ ತಲೆ ಹಿಡಿದು ಕೂತಿದ್ದರು. ಹಾರಿದ ತಗಡು ಚರಂಡಿಯಲ್ಲಿತ್ತು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಸೈಕಲ್ ರಿಪೇರಿಯವನು ಖಾಲಿ ಮಾಡಿ ಹೋದ ಮೇಲೆ ಆ ಜಾಗಕ್ಕೆ ಅಂಗಳದ ಮಾಲೀಕ ಬ್ರಾಟಿನಾ ತಾವೇ ಕೈಯಾರೆ ತೂರಿಸಿದ ಖಾಲಿ ತಗಡು ಅದು.

ಆಮೇಲೆ ನಡೆದದ್ದು ನನಗೆ ಸರಿಯಾಗಿ ನೆನಪಿಲ್ಲ. ಕೈಗೆ ಎಟಕುವ ತಗಡುಗಳನ್ನು ನಾನೂ ಯೆರ್ನೇಯಾಳೂ ಎಳೆದು ಎಳೆದು ತೆಗೆದೆವು. ಲೆಕ್ಕ ಬರೆಯುವವರು, ಬ್ರೆಡ್ಡಿನ ಅಂಗಡಿಯವಳು, ಎಲ್ಲರೂ ಹೊರಗೆ ಬಂದು ತಮ್ಮ ತಮ್ಮ ಹೆಸರನ್ನು ಎದೆಗೆ ಅವುಚಿಕೊಂಡು ಒಳಗೆ ಓಡಿದರು. ಮೇಲಿನವು ಎಟಕಲಿಲ್ಲ. ಅಗ್ನಿಶಾಮಕದವರು ಬರುವವರೆಗೆ ಅವುಗಳ ಕೆಳಗೆ ಯಾರೂ ಸುಳಿಯದಂತೆ ನಾನು ರಸ್ತೆಯಲ್ಲಿ ಕೈ ಅಗಲಿಸಿ ನಿಂತಿದ್ದೆ. ಮಕ್ಕಳು ಶಾಲೆಯಿಂದ ಬರುವ ಬಸ್ಸು ಅಲ್ಲೇ ನಿಲ್ಲುವುದು. ಅದು ಬರುವ ಹೊತ್ತಾಗಿತ್ತು. ಈಗ ಕಣ್ಣು ಮುಚ್ಚಿದರೆ ಆ ಬಸ್ಸೇ ಬರುತ್ತದೆ.

ಅಜ್ಜಿಗೆ ಇನ್ನೂ ಎಚ್ಚರವಿಲ್ಲ. ದಿನವೂ ಆಸ್ಪತ್ರೆಗೆ ಹೋಗುತ್ತೇನೆ, ಒಳಗೆ ಹೋಗುವ ಧೈರ್ಯ ಸಾಲದೆ ಬಾಗಿಲಿನಲ್ಲಿ ದಾದಿಯನ್ನು ಕೇಳಿ ವಾಪಸಾಗುತ್ತೇನೆ.

ಸೋಮವಾರ ತನಿಖೆಗೆ ಒಬ್ಬ ಅಧಿಕಾರಿ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಎಲ್ಲವನ್ನೂ ಕೇಳಿದರು. ನಿನಗೆ ಗೊತ್ತಿರುವುದನ್ನೇ ಅವರಿಗೆ ಹೇಳಿದೆ. ಮೊದಲು ಅಲ್ಲಿ ಒಂದೇ ದೊಡ್ಡ ತಗಡಿತ್ತು. ಬಾಡಿಗೆದಾರರು ಬದಲಾದಾಗೆಲ್ಲ ಅಕ್ಷರ ಕೆರೆದು ಹೊಸದು ಅಂಟಿಸಬೇಕಿತ್ತು. ಬ್ರಾಟಿನಾ ಬೇಸತ್ತು ಯಾರು ಬೇಕಾದರೂ ಬದಲಿಸುವಂಥದ್ದು ಬೇಕು ಅಂದರು. ಅದಕ್ಕೇ ಎರಡು ಕಂಬ, ಕಂಬದಲ್ಲಿ ಸೀಳು, ಪ್ರತಿಯೊಬ್ಬರಿಗೂ ಒಂದೊಂದು ತಗಡು. ಪಕ್ಕದಿಂದ ತೂರಿಸಿದರೆ ಕ್ಲಿಪ್ಪು ಹಿಡಿಯುತ್ತದೆ. ಕ್ಲಿಪ್ಪೊಂದನ್ನೇ ನಂಬಬಾರದೆಂದು ತಗಡುಗಳ ಹಿಂದಿನ ಬಳೆಗಳೊಳಗಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಉದ್ದನೆಯ ಸರಳು, ಅದರ ಕೆಳತುದಿಗೆ ಬೀಗ.

ಆಕೆ ಕೇಳಿದರು: "ಸರಳಿಲ್ಲದಿದ್ದರೆ ಗಾಳಿಗೂ ಅಷ್ಟೇ ಸುಲಭ, ಅಲ್ವಾ?"

ಹೌದು ಅಂದೆ.

ಬ್ರಾಟಿನಾ ಹೇಳುವುದೇ ಬೇರೆ. ಸರಳನ್ನು ನಾವು ಹಾಕಿಯೇ ಇರಲಿಲ್ಲವಂತೆ. ಅಂಥದ್ದೊಂದು ಇತ್ತೆಂದು ಅವರು ಕೇಳುತ್ತಿರುವುದೇ ಈಗಂತೆ. ಅಧಿಕಾರಿಗೆ ಹಾಗೆ ಹೇಳುವ ಮೊದಲು ಅವರು ನಮ್ಮ ಕಾರ್ಯಾಗಾರಕ್ಕೆ ಬಂದಿದ್ದರು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ತುಂಬ ಮೃದುವಾಗಿ ಮಾತಾಡಿದರು. "ದಾರಿಂಕಾ ಅವರೇ, ನಿಮ್ಮ ಯಜಮಾನರು ಹೇಗೂ ಇಲ್ಲಿಲ್ಲ. ಅವರು ಮರೆತರು ಅಂದ್ಬಿಡಿ. ವಿಮೆಯವರು ನೋಡ್ಕೋತಾರೆ. ನಿಮಗೂ ತೊಂದರೆ ಇಲ್ಲ, ನನಗೂ ಇಲ್ಲ."

ಎದ್ದು ಹೋಗಿ ಎಂದು ನಾನು ಹೇಳಲಿಲ್ಲ, ಸ್ಟೋಯಾನ್. ಮಾತು ಮುಗಿದ ಮೇಲೆ ಅವರಿಗೆ ಕಾಫಿ ಕೊಟ್ಟೆ. ಅವರು ಕುಡಿದು ಹೋದ ಮೇಲೆ ಆ ಲೋಟವನ್ನು ಎರಡೆರಡು ಸಲ ತೊಳೆದೆ. ಎಲ್ಲಿ ಒಪ್ಪಿಬಿಡುತ್ತೇನೋ ಎಂದು ನನಗೆ ನನ್ನದೇ ಭಯವೆಂದು ಆಗ ಸ್ವಲ್ಪ ತಿಳಿಯಿತು.

ನಿನ್ನನ್ನೂ ಅವರು ಕರೆಸುತ್ತಾರೆ. ಬಂದು ಹೇಳು. ನಾನು ಬೇರೇನೂ ಕೇಳುವುದಿಲ್ಲ. ನೀನು ಹೋದದ್ದರ ಬಗ್ಗೆ ಒಂದು ಮಾತೂ ಎತ್ತುವುದಿಲ್ಲ.

ದಾರಿಂಕಾ

ಮರೆತಿದ್ದೆ: ನೀನು ಸರಳು ಹಾಕಿ ಬೀಗ ಜಡಿದದ್ದನ್ನು ಕಣ್ಣಾರೆ ಕಂಡೆ ಎಂದು ಅಧಿಕಾರಿಗೆ ಹೇಳಿಬಿಟ್ಟಿದ್ದೇನೆ. ನಾನು ಕಂಡಿಲ್ಲ. ಬೋರ್ಡು ನಿಲ್ಲಿಸಿದ ದಿನ ಬೆಳಿಗ್ಗೆ ಜಗಳವಾಡಿ ನಾನು ಕಾರ್ಯಾಗಾರದಲ್ಲೇ ಉಳಿದಿದ್ದೆ, ನಿನಗೂ ಗೊತ್ತು. ಆದರೆ ಸರಳಿಲ್ಲದೆ ನೀನು ಆ ಬೋರ್ಡನ್ನು ಬಿಟ್ಟು ಬರುವವನಲ್ಲ. ಬಿಟ್ಟು ಬಂದಿದ್ದರೆ, ದಯವಿಟ್ಟು ಅವರಿಗಿಂತ ಮೊದಲು ನನಗೆ ತಿಳಿಸು.


ಕೋಪರ್
ಫೆಬ್ರವರಿ ೧೪

ದಾರಿಂಕಾ,

ಪತ್ರ ಬಂತು. ನಿಂತಲ್ಲೇ ಓದಿದೆ, ಗೋದಾಮಿನ ಮೆಟ್ಟಿಲ ಮೇಲೆ.

ಸರಳು ಹಾಕಿತ್ತು. ಬೀಗ ಜಡಿದದ್ದು ನಾನೇ. ಕೀಲಿಯನ್ನು ಬ್ರಾಟಿನಾ ಕೈಗೆ ಕೊಟ್ಟೆ. ಇದರಲ್ಲಿ ಅನುಮಾನ ಬೇಡ, ಇವತ್ತಾದರೂ ನಿದ್ದೆ ಮಾಡು.

ಆದರೆ ನೀನು ಕಂಡೆ ಎಂದದ್ದು ತಪ್ಪಾಯಿತು. ಅವರು ಕೆದಕಿ ಕೇಳುತ್ತಾರೆ. ಯಾವ ಕಡೆ ನಿಂತಿದ್ದೆ, ಏಣಿಯ ಮೇಲೆ ಯಾರಿದ್ದರು ಎಂದು ಕೇಳುತ್ತಾರೆ. ಆಗ ನೀನು ಸ್ಟೋಯಾನ್ ಇದ್ದ ಎನ್ನುತ್ತೀಯ. ಏಣಿಯ ಮೇಲೆ ನಾನಿರಲಿಲ್ಲ.

ಇದನ್ನು ಬರೆಯದೆ ಉಳಿದದ್ದನ್ನು ಬರೆಯಲು ಆಗುವುದಿಲ್ಲ, ಅದಕ್ಕೆ ಬರೆಯುತ್ತೇನೆ. ಔಷಧಿ ಅಂಗಡಿಯ ಬೋರ್ಡು ಏರಿಸಿದ ದಿನ ಮೇಲೆ ನನ್ನ ಕಾಲು ನಡುಗಲು ಶುರುವಾಯಿತು. ಕೈ ಏಣಿಯನ್ನು ಬಿಡಲೇ ಇಲ್ಲ. ನೀನು ಕೆಳಗಿನಿಂದ, ಯೋಟಾ ಸಾರು ಆರುತ್ತಿದೆ, ಊಟಕ್ಕೆ ಇಳಿ ಎಂದು ಕೂಗುತ್ತಿದ್ದೆ. ಹೇಗೆ ಇಳಿದೆನೋ ಗೊತ್ತಿಲ್ಲ. ಬೆನ್ನು ನೋವು ಎಂದೆ. ಅಂದಿನಿಂದ ಎತ್ತರದ ಕೆಲಸ ಬಂದಾಗೆಲ್ಲ ಒಂದಲ್ಲ ಒಂದು ನೆಪ ಹೇಳಿದೆ. ನೀನು ನನ್ನನ್ನು ಸೋಮಾರಿ ಎಂದೆ. ಹೇಡಿ ಎನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿಯೆನಿಸಿತು. ಏಣಿ ಹತ್ತಲಾಗದವನು ಬೋರ್ಡಿನ ಕೆಲಸದಲ್ಲಿದ್ದು ಏನು ಮಾಡುವುದು? ಅದಕ್ಕೇ ಎಲ್ಲ ಮಾರಿಬಿಡೋಣ ಎಂದು ನಿನ್ನ ಪ್ರಾಣ ತಿಂದೆ. ನೀನು ಒಪ್ಪಲಿಲ್ಲ. ನಾನು ಬಂದುಬಿಟ್ಟೆ.

ಅವತ್ತು ಕಂಬದ ಕೆಳಗೆ ಸರಳು ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ. ನೃತ್ಯಶಾಲೆಯ ಹುಡುಗಿ ತನ್ನ ಹೆಸರು ನೋಡಲು ಹೊರಗೆ ಬಂದಳು. ಏನೂ ಕೇಳಲಿಲ್ಲ. ಸರಳು ಇಸಿದುಕೊಂಡು ಬೆಕ್ಕಿನ ಹಾಗೆ ಹತ್ತಿ ಮೇಲಿನಿಂದ ಇಳಿಬಿಟ್ಟಳು. ನಾನು ಏಣಿ ಹಿಡಿದಿದ್ದೆ. ಸರಳಿನ ತುದಿ ಕೆಳಗೆ ಬಂದಾಗ ಬೀಗ ಹಾಕಿದೆ.

ನನ್ನನ್ನು ಗುರುವಾರ ಗೊರಿತ್ಸಾದ ತನಿಖಾ ಕಚೇರಿಗೆ ಕರೆದಿದ್ದಾರೆ. ಅಲ್ಲಿ ಇದನ್ನೆಲ್ಲ ಹೇಳುತ್ತೇನೆ. ಅದಕ್ಕೂ ಮೊದಲು ನೀನು ಹೋಗಿ, ಕಂಡಿಲ್ಲ ಎಂದು ಹೇಳಿ ಬಾ. ಅವರು ಬೈದರೆ ಬೈಯಿಸಿಕೋ.

ಸ್ಟೋಯಾನ್

ಬ್ರಾಟಿನಾಗೆ ಕಾಫಿ ಕೊಟ್ಟದ್ದಕ್ಕೆ ನನಗೆ ಕೋಪವಿಲ್ಲ. ನಾನಾಗಿದ್ದರೆ ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿಬಿಡುತ್ತಿದ್ದೆನೋ ಏನೋ.


ವಿಪಾವಾ
ಮಾರ್ಚ್ ೧

ಸ್ಟೋಯಾನ್,

ನಿನ್ನ ಪತ್ರ ಓದಿ ನನಗೆ ಮೊದಲು ಬಂದದ್ದು ಸಿಟ್ಟು. ಔಷಧಿ ಅಂಗಡಿಯ ಮುಂದೆ ನಾನು ಸೌಟು ಹಿಡಿದು ನಿಂತಿದ್ದು ನೆನಪಾಯಿತು. ಒಂದು ಮಾತು ಹೇಳಿದ್ದರೆ ನಾನೇ ಹತ್ತುತ್ತಿದ್ದೆನಲ್ಲ ಅಂದುಕೊಂಡೆ. ಆಮೇಲೆ, ಆ ದಿನಗಳಲ್ಲಿ ನನ್ನ ನಾಲಿಗೆ ಹೇಗಿತ್ತೆಂದು ನೆನಪಾಯಿತು. ಹೇಳದೇ ಇದ್ದದ್ದಕ್ಕೆ ನಿನ್ನನ್ನು ದೂರಲು ಆಗಲಿಲ್ಲ.

ಯೆರ್ನೇಯಾಳ ಬಳಿ ಹೋದೆ. ತರಗತಿ ನಡೆಯುತ್ತಿತ್ತು, ಹೊರಗಿನ ಕೋಣೆಯಲ್ಲಿ ಕಾದೆ. ಪುಟ್ಟ ಪುಟ್ಟ ಹುಡುಗಿಯರ ಕೋಟುಗಳು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ ನೇತಾಡುತ್ತಿದ್ದವು. ಕೂತು ಅವನ್ನೇ ನೋಡುತ್ತಿದ್ದೆ. ಒಂದು ಕೋಟು ಜಾರಿ ಬಿತ್ತು, ಎತ್ತಿ ನೇತುಹಾಕಲು ಎದ್ದೆ. ಕೈಗೆ ಸಿಕ್ಕದ್ದು ನಮ್ಮ ಸರಳು; ಕೋಟುಗಳೆಲ್ಲ ಅದಕ್ಕೇ ನೇತಾಡುತ್ತಿದ್ದವು. ತುದಿಯಲ್ಲಿ ಬೀಗದ ತೂತು ಹಾಗೇ ಇತ್ತು. ಕೋಟು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ.

ಅವಳು ಹೊರಗೆ ಬಂದವಳು ನನ್ನನ್ನು ಕಂಡು ಎಲ್ಲ ಅರ್ಥಮಾಡಿಕೊಂಡಳು. ಸುಳ್ಳು ಹೇಳಲಿಲ್ಲ. ಹೋದ ವಸಂತದಲ್ಲಿ ಒಂದೇ ತಿಂಗಳಲ್ಲಿ ಮೂರು ಅಂಗಡಿಗಳು ಬದಲಾದವಂತೆ. ಪ್ರತಿಸಲ ಏಣಿ ತಂದು ಮೇಲಿನಿಂದ ಸರಳು ಎಳೆಯುವುದು ಯಾರಿಗೆ ಬೇಕೆಂದು ಬ್ರಾಟಿನಾ ಅದನ್ನು ತೆಗೆಸಿ ಓಣಿಯಲ್ಲಿ ಒರಗಿಸಿದ್ದರಂತೆ. ಕೋಟು ನೇತುಹಾಕಲು ಒಂದು ಸರಳು ಬೇಕಿತ್ತು, ತೆಗೆದುಕೊಳ್ಳಲೇ ಎಂದು ಇವಳು ಕೇಳಿದಾಗ, ತಗೋ ಹೋಗು ಎಂದರಂತೆ. ಗಾಳಿ ಬಂದ ದಿನದಿಂದ ಅವಳೂ ನಿದ್ದೆ ಮಾಡಿಲ್ಲ. ಮಕ್ಕಳು ದಿನವೂ ಕೋಟು ನೇತುಹಾಕುವಾಗ ತಾನು ಆ ಕಡೆ ನೋಡುವುದಿಲ್ಲ ಎಂದಳು.

ಅಧಿಕಾರಿಗೆ ಹೇಳು ಎಂದೆ. ಅವಳು ಕಿಟಕಿಯಿಂದ ಗೇಟಿನ ಕಡೆ ನೋಡಿ, ಮೆಲ್ಲಗೆ ಹೇಳಿದಳು: "ಜೂನ್‌ಗೆ ನನ್ನ ಬಾಡಿಗೆ ಕರಾರು ಮುಗಿಯತ್ತೆ, ಅಕ್ಕ. ನನ್ನ ಹೆಸರು ತೆಗೆಯೋಕೆ ಅವರಿಗೆ ಒಂದು ನಿಮಿಷ ಸಾಕು. ನೀವೇ ಹಾಗೆ ಮಾಡಿಕೊಟ್ಟಿದ್ದೀರಲ್ಲ."

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೆ. ಸರಳನ್ನು ಕಿತ್ತುಕೊಂಡು ಬರಬಹುದಿತ್ತು. ಬಿದ್ದಿದ್ದ ಕೋಟನ್ನು ನೇತುಹಾಕಿ ಬಂದೆ.

ಮಾರನೆಯ ದಿನ ಗೊರಿತ್ಸಾಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡೆ, ಬಾಗಿಲು ತೆರೆಯುತ್ತಲೇ ಎಲ್ಲ ಮರೆತುಹೋಯಿತು. ನಾನು ನೋಡಿಲ್ಲ, ನೋಡಿದೆ ಎಂದದ್ದು ಸುಳ್ಳು ಎಂದೆ. ಆಕೆ ಬರೆಯುವುದನ್ನು ನಿಲ್ಲಿಸಿ, ಮತ್ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದರು. ನನ್ನ ಗಂಡ ಸರಳು ಹಾಕದೆ ಬರುವವನಲ್ಲ ಎಂದೆ. ಅದು ಸಾಕ್ಷಿಯಲ್ಲ ಎಂದರು. ಗೊತ್ತು ಎಂದೆ. ಸುಳ್ಳು ಹೇಳಿಕೆಗೆ ನನ್ನ ಮೇಲೆ ಬೇರೆ ಕ್ರಮ ಆಗಬಹುದಂತೆ. ಸರಳು ಎಲ್ಲಿದೆ ಎಂದು ನಾನು ಹೇಳಲಿಲ್ಲ. ಅದು ನನ್ನ ಬಾಯಿಂದ ಬಂದರೆ ಯೆರ್ನೇಯಾಳ ಬಾಡಿಗೆಯನ್ನು ನಾನೇ ಮುಗಿಸಿದ ಹಾಗೆ ಎನಿಸಿತು. ತಪ್ಪೋ ಸರಿಯೋ ಇವತ್ತಿಗೂ ತಿಳಿಯದು.

ಗುರುವಾರ ಬೆಳಿಗ್ಗೆ ಆ ಅಧಿಕಾರಿ ಬೋರ್ಡಿನ ಕಂಬ ಅಳೆಯಲು ಅಂಗಳಕ್ಕೇ ಬಂದಿದ್ದರು. ನೀನು ಗೊರಿತ್ಸಾದಲ್ಲಿ ಕಾಯಬೇಕಾಗಿ ಬಂದದ್ದು ಅದಕ್ಕೇ. ನನ್ನನ್ನೂ ಕರೆಸಿದ್ದರು. ಬ್ರಾಟಿನಾ ಪಕ್ಕದಲ್ಲಿ ನಿಂತು ಸರಳೇ ಇರಲಿಲ್ಲವೆಂದು ಮತ್ತೊಮ್ಮೆ ವಿವರಿಸುತ್ತಿದ್ದರು. ಆಗ ನೃತ್ಯಶಾಲೆಯ ಬಾಗಿಲು ತೆರೆಯಿತು. ಯೆರ್ನೇಯಾ ಸರಳನ್ನು ಹೆಗಲ ಮೇಲಿಟ್ಟುಕೊಂಡು ಅಂಗಳದ ಆಚೆ ಬದಿಯಿಂದ ನಡೆದು ಬಂದಳು. ಅವಳ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಬಂದವಳು ಅದನ್ನು ಬ್ರಾಟಿನಾ ಅವರ ಕಾಲ ಬಳಿ ಇಳಿಸಿ, "ಇದು ನೀವೇ ಕೊಟ್ಟಿದ್ದು, ಮರೆತುಬಿಟ್ರಾ?" ಎಂದಳು. ದನಿ ಎಷ್ಟು ಸಣ್ಣಗಿತ್ತೆಂದರೆ ಅಧಿಕಾರಿ ಇನ್ನೊಮ್ಮೆ ಹೇಳಿ ಎನ್ನಬೇಕಾಯಿತು. ಇನ್ನೊಮ್ಮೆ ಹೇಳಿದಳು.

ಬ್ರಾಟಿನಾ ಟೋಪಿ ತೆಗೆದು ಒಳಗಡೆ ಏನೋ ಹುಡುಕುವವರ ಹಾಗೆ ನೋಡಿದರು. ಅವರನ್ನು ಕಂಡು ನನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅವರಿಗೂ ನನ್ನಷ್ಟೇ ಭಯವಿತ್ತು. ಆ ಭಯವನ್ನು ನಿನ್ನ ತಲೆಗೆ ಕಟ್ಟಲು ಹೊರಟಿದ್ದರು.

ಮೊಕದ್ದಮೆ ಈಗ ಅವರ ಮೇಲೆ ನಡೆಯುತ್ತದೆ. ನನ್ನ ಸುಳ್ಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಯೆರ್ನೇಯಾಳಿಗೆ ಜೂನ್‌ನ ನಂತರ ಜಾಗವಿಲ್ಲವೆಂದು ಆಗಲೇ ತಿಳಿಸಿದ್ದಾರೆ. ಅವಳು ಅತ್ತಳು, ಆಮೇಲೆ ಬಂದು ನಮ್ಮ ಕಾರ್ಯಾಗಾರದ ಹಿಂದಿನ ಹಜಾರವನ್ನು ಹೆಜ್ಜೆ ಹಾಕಿ ಅಳೆದಳು. ತಗಡು ಕತ್ತರಿಸುವ ಯಂತ್ರವನ್ನು ಗೋಡೆಗೆ ಸರಿಸಿದರೆ ಸಣ್ಣ ಮಕ್ಕಳ ತರಗತಿಗೆ ಸಾಲುತ್ತದಂತೆ.

ಮಿಲೋಯ್ಕಾ ಅಜ್ಜಿ ಕಣ್ಣು ತೆರೆದಿದ್ದಾರೆ. ಎಡಗೈ ಏಳುತ್ತಿಲ್ಲ. ಮಾತು ಬರುತ್ತದೆ, ಆದರೆ ಒಂದು ಪದದ ಜಾಗದಲ್ಲಿ ಇನ್ನೊಂದು ಬರುತ್ತದೆ. ಕೊನೆಗೂ ಒಳಗೆ ಹೋದೆ. ನಾನು ಯಾರೆಂದು ಗೊತ್ತಾಯಿತೋ ಇಲ್ಲವೋ, ಬಲಗೈಯಿಂದ ನನ್ನ ಅಂಗೈ ಮೇಲೆ ಮುದ್ರೆ ಒತ್ತುವ ಹಾಗೆ ಎರಡು ಸಲ ಒತ್ತಿದರು. ಹೊರಗೆ ಅವರ ಮಗ ನಿಂತಿದ್ದ. ಬೋರ್ಡು ಮಾಡಿದವರು ನೀವೇನಾ ಎಂದು ಕೇಳಿದ. ಹೌದು ಎಂದೆ. ಅವನು ತಿರುಗಿ ಒಳಗೆ ಹೋದ. ಬೈದಿದ್ದರೆ ಹಗುರಾಗುತ್ತಿತ್ತು.

ಅಂಗಳದ ಬಾಡಿಗೆದಾರರೆಲ್ಲ ಸೇರಿ ಹೊಸ ಬೋರ್ಡು ಬೇಕೆಂದು ಕೇಳಿದ್ದಾರೆ. ಬೇಡ ಎನ್ನೋಣವೆಂದುಕೊಂಡೆ. ಒಂದು ವಾರ ಸೀಸದ ಕಡ್ಡಿ ಮುಟ್ಟಲಿಲ್ಲ. ಆದರೆ ಇನ್ಯಾರೋ ಬಂದು ಕ್ಲಿಪ್ಪು ಮಾತ್ರ ಹಾಕಿ ಹೋಗುತ್ತಾರಲ್ಲ ಎನಿಸಿ ಕೂತೆ. ಈ ಸಲ ಸರಳು ಮೇಲಿನಿಂದ ಇಳಿಯುವುದಿಲ್ಲ. ಕಂಬದ ಪಕ್ಕಕ್ಕೆ ಬಾಗಿಲಿನಂಥ ಒಂದು ಉದ್ದ ಪಟ್ಟಿ, ಕೆಳಗೆ ಸೊಂಟದೆತ್ತರಕ್ಕೆ ಒಂದು ಹಿಡಿ. ಕೀಲಿ ಹಾಕಿ ಹಿಡಿ ತಿರುಗಿಸಿದರೆ ಪಟ್ಟಿ ತೆರೆಯುತ್ತದೆ. ಮುಚ್ಚದಿದ್ದರೆ ಕೀಲಿ ಹೊರಗೆ ಬರುವುದಿಲ್ಲ; ತೆರೆದಿಟ್ಟು ಯಾರೂ ಹೋಗುವ ಹಾಗಿಲ್ಲ. ಹೆಸರು ಬದಲಿಸುವುದು ಮೊದಲಿಗಿಂತ ಸುಲಭ. ಬೋರ್ಡನ್ನೂ ಗಿಡ್ಡ ಮಾಡಿದ್ದೇನೆ, ತಗಡುಗಳು ಎರಡು ಸಾಲಾಗಿ ಬರುತ್ತವೆ. ಏಣಿಯೇ ಬೇಡ. ಬಸ್ ನಿಲ್ದಾಣದಿಂದ ದೂರ, ಗೇಟಿನ ಒಳಗೆ ನಿಲ್ಲಿಸುತ್ತೇನೆ.

ಆದರೂ ಗಾಳಿ ಎದ್ದಾಗ ನಾನು ಹೋಗಿ ಒಮ್ಮೆ ಅಲುಗಿಸಿ ನೋಡಿ ಬರುವವಳೇ. ಇದು ಇನ್ನು ಬಿಡುವ ಭಯವಲ್ಲ.

ದಾರಿಂಕಾ

ಅಧಿಕಾರಿ ಅಂಗಳದಿಂದ ಹೊರಟ ಕೂಡಲೇ ಲೆಕ್ಕದವರ ಕಾರು ಹತ್ತಿ ನಾನೂ ಗೊರಿತ್ಸಾಗೆ ಬಂದಿದ್ದೆ. ನೀನು ಹೇಳಿಕೆ ಕೊಟ್ಟು ಹೊರಬರುವಾಗ ಎದುರಿನ ಕಾಫಿ ಅಂಗಡಿಯ ಕಿಟಕಿಯ ಹತ್ತಿರ ಕೂತಿದ್ದೆ. ನೀನು ಕೂದಲು ತುಂಬ ಗಿಡ್ಡ ಮಾಡಿಸಿದ್ದೀಯ. ನೀನು ಬಹಳ ಹೊತ್ತು ಬಸ್ಸಿಗೆ ಕಾದೆ, ಆ ಕಡೆ ಈ ಕಡೆ ನೋಡಿದೆ. ನಾನು ಏಳೋಣವೆಂದುಕೊಂಡೆ, ಕಾಲು ಬರಲಿಲ್ಲ. ಏಣಿಯ ಮೇಲೆ ನಿನಗೆ ಆಗುತ್ತಿದ್ದದ್ದು ಇದೇ ಇರಬೇಕು. ಮುಂದಿನ ವಿಚಾರಣೆ ಏಪ್ರಿಲ್‌ನಲ್ಲಿ. ಆ ಅಂಗಡಿಯಲ್ಲೇ, ಅದೇ ಕಿಟಕಿಯ ಹತ್ತಿರ ಇರುತ್ತೇನೆ. ನೀನೇ ಒಳಗೆ ಬಾ.